ಕಣಕಾಲಿನ ನೋವಿಗೆ ಸೂಜಿ, ಬಟ್ಟಲು, ಹೊಗೆ, ಎಣ್ಣೆ: ನಾಲ್ಕನ್ನೂ ಮಾಡಿಸಿ ನೋಡಿದೆ

ಓಡುವವರಿಗೆ ಈ ನೋವು ಚೆನ್ನಾಗಿ ಗೊತ್ತಿರುತ್ತದೆ. ಪಾದದ ಗಂಟಿಗಿಂತ ಒಂದು ಗೇಣು ಮೇಲೆ, ಕಣಕಾಲಿನ ಎಲುಬಿನ ಒಳ ಅಂಚಿನಲ್ಲಿ ಬೆರಳಿಟ್ಟು ಒತ್ತಿದರೆ ಜೀವ ಹೋದ ಹಾಗಾಗುತ್ತದೆ. ಸಿಂಗಪುರದ ಈಸ್ಟ್ ಕೋಸ್ಟ್ ಪಾರ್ಕಿನ ಗಟ್ಟಿ ದಾರಿಯಲ್ಲಿ ವಾರಕ್ಕೆ ಐದು ದಿನ ಓಡುತ್ತಿದ್ದೆ. ಎಂಟು ತಿಂಗಳಾದರೂ ನೋವು ಬಿಡಲಿಲ್ಲ. ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಿ ಎಂಆರ್‌ಐ ಮಾಡಿಸಿದೆ, ಬಿರುಕು ಇರಲಿಲ್ಲ. ಒಂದೇ ಚುಕ್ಕೆಯಷ್ಟು ಜಾಗದಲ್ಲಿ ನೋವು, ರಾತ್ರಿ ಮಲಗಿದಾಗಲೂ ನೋವು ಅಂದರೆ ನೀವೂ ಮೊದಲು ಡಾಕ್ಟರಿಗೆ ತೋರಿಸಿ. ಬಿರುಕು ಬಿಟ್ಟ ಎಲುಬಿನ ಮೇಲೆ ಈ ಯಾವ ಪ್ರಯೋಗವೂ ಬೇಡ.

ಆಮೇಲೆ ಚೀನೀ ವೈದ್ಯಕ್ಕೆ ಬಂದೆ. 2000ದ ಕಾಯ್ದೆಯ ಪ್ರಕಾರ ಇಲ್ಲಿ ಈ ವೈದ್ಯರು ಸರ್ಕಾರಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡಿರಬೇಕು. ಹೋಗುವ ಮುಂಚೆ ಅದನ್ನು ನೋಡಿಕೊಳ್ಳಿ.

ನನಗೆ ಜಾಸ್ತಿ ಕೆಲಸ ಮಾಡಿದ್ದು ಸೂಜಿ. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಎಲುಬಿನ ಏಣಿನಿಂದ ಒಂದು ಬೆರಳು ಹೊರಗೆ ಒಂದು ಜಾಗ ಇದೆ. ಅದಕ್ಕೆ ಝುಸಾನ್‌ಲಿ ಅನ್ನುತ್ತಾರೆ, ಅಂದರೆ 'ಕಾಲಿನ ಮೂರು ಲಿ'. ಲಿ ಅನ್ನುವುದು ದೂರದ ಅಳತೆ. ದಣಿದ ಕಾಲಿಗೆ ಅಲ್ಲಿ ಒತ್ತಿದರೆ ಇನ್ನೂ ಮೂರು ಲಿ ನಡೆಯಬಹುದು ಅಂತ ಹೇಳುತ್ತಾರೆ. ಇನ್ನೊಂದು ಸೂಜಿ ಪಾದದ ಒಳಗಂಟಿನಿಂದ ನಾಲ್ಕು ಬೆರಳು ಮೇಲೆ, ಸಾನ್‌ಯಿನ್‌ಜಿಯಾವ್‌ನಲ್ಲಿ. ಸೂಜಿ ಕೂದಲಿನಷ್ಟು ಸಣ್ಣ, ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆದರೆ ವೈದ್ಯೆ ಅದನ್ನು ಮೆಲ್ಲಗೆ ತಿರುವಿದಾಗ ಒಳಗೆ ಭಾರವಾದ ಸೆಳೆತ ಶುರುವಾಗಿ ಪಾದದವರೆಗೂ ಇಳಿಯಿತು. ಅದಕ್ಕೆ 'ದೆ ಚಿ' ಅನ್ನುತ್ತಾರೆ, ಅದು ಬಂದರೇ ಸೂಜಿ ಸರಿಯಾಗಿ ಕೂತಿದೆ ಅಂತ ಅರ್ಥ. ಇಪ್ಪತ್ತು ನಿಮಿಷ ಸುಮ್ನೆ ಮಲಗಿದ್ದೆ. ಮೊದಲ ಎರಡು ಸಲ ಏನೂ ಅನ್ನಿಸಲಿಲ್ಲ. ನಾಲ್ಕನೇ ಸಲ ಆದ ಮೇಲೆ ಮೆಟ್ಟಿಲು ಇಳಿಯುವಾಗ ಕಾಲು ಹಿಡಿಯಲಿಲ್ಲ.

ಬಟ್ಟಲು, ಅಂದರೆ ಕಪ್ಪಿಂಗ್, ನನಗೆ ಆಗಲಿಲ್ಲ. ಬಟ್ಟಲನ್ನು ಮೈಗೆ ಕವುಚಿ, ಒಳಗಿನ ಗಾಳಿ ಕಡಿಮೆ ಮಾಡಿ, ಅದು ಚರ್ಮ ಮಾಂಸ ಎಳೆದು ಹಿಡಿಯುವ ಹಾಗೆ ಮಾಡೋದು ಅದು. ಕಣಕಾಲಿನ ಮುಂದೆ ಚರ್ಮದ ಕೆಳಗೆ ನೇರ ಎಲುಬು ತಾನೇ? ಬಟ್ಟಲು ಹಿಡಿದುಕೊಳ್ಳೋಕೆ ಅಲ್ಲಿ ಮಾಂಸವೇ ಇಲ್ಲ. ಮೀನಖಂಡಕ್ಕೆ ಮಾತ್ರ ಹಾಕಬೇಕು. ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಎಲುಬಿನ ಅಂಚಿಗೇ ಹಾಕಿ ಬೊಬ್ಬೆ ಬರಿಸಿದರು. ಬೇರೆ ಕಡೆ ಮೀನಖಂಡಕ್ಕೆ ಹಾಕಿಸಿದಾಗ ಬಿಗಿ ಸಡಿಲವಾಯಿತು, ನೇರಳೆ ಹಣ್ಣಿನ ಬಣ್ಣದ ಕಲೆ ಒಂದು ವಾರ ಉಳಿಯಿತು. ಎಲುಬಿನ ನೋವು ಹಾಗೇ ಇತ್ತು.

ಮಾಕ್ಸಾ ಹೊಗೆ ಹಿತವಾಗಿತ್ತು. ಒಣಗಿಸಿದ ಎಲೆಯನ್ನು ಬೀಡಿಯ ಹಾಗೆ ಸುತ್ತಿ, ಕೆಂಡ ಮಾಡಿ, ಚರ್ಮಕ್ಕೆ ತಾಗದ ಹಾಗೆ ಹತ್ತಿರ ಹಿಡಿಯುತ್ತಾರೆ. ಆ ಗಿಡ ನಮ್ಮ ದವನದ, ಮಾಚಿಪತ್ರೆಯ ಕುಲದ್ದೇ. ಬೆಚ್ಚಗೆ ಆಳಕ್ಕೆ ಇಳಿಯುತ್ತದೆ, ಎರಡು ಗಂಟೆ ಆರಾಮ. ಬೆಳಗ್ಗೆ ಎದ್ದರೆ ಮತ್ತೆ ಅದೇ ನೋವು. ಅದೂ ಅಲ್ಲದೆ ಫ್ಲ್ಯಾಟಿನ ತುಂಬ ಹೊಗೆ, ಮನೆಯಲ್ಲಿ ಮಾಡೋದು ಕಷ್ಟ.

ದಿಯೆ ದಾ ಎಣ್ಣೆ ಬಗ್ಗೆ ನನಗೆ ಅಕ್ಕರೆ ಇದೆ. ಬಿದ್ದು ಪೆಟ್ಟಾದವರಿಗೆ ಅಂತಲೇ ಮಾಡಿದ, ಸಾರಾಯಿಯಲ್ಲಿ ನೆನೆಸಿದ ಔಷಧ ಅದು. ನಾನು ತಂದ ಸೀಸೆಯಲ್ಲಿ ಬೋಳ ಅನ್ನುವ ಮರದ ಅಂಟು, ಲೋಬಾನ, ಜೊತೆಗೆ ಕುಸುಬೆ ಹೂವು ಇತ್ತು. ನಮ್ಮ ಗದಗದ ಕಡೆ ಹೊಲದ ಬದುವಿನಲ್ಲಿ ಮುಳ್ಳು ಚುಚ್ಚುವ ಅದೇ ಕುಸುಬೆ! ರಾತ್ರಿ ತಿಕ್ಕಿ ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಆದರೆ ಅರ್ಧ ಗುಣ ತಿಕ್ಕೋದರಿಂದಲೇ ಅಂತ ನನಗನ್ನಿಸುತ್ತದೆ. ಗಾಯದ ಮೇಲೆ ಹಚ್ಚಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಕೆಲವು ಸೀಸೆಗಳಲ್ಲಿ ವತ್ಸನಾಭಿಯ ಜಾತಿಯ ಬೇರು ಇರುತ್ತದೆ, ಅದು ವಿಷ.

ಒಂದು ಮಾತು ಮುಚ್ಚಿಡಬಾರದು. ಸೂಜಿ ಹಾಕಿಸಿಕೊಂಡ ಆ ಆರು ವಾರ ನಾನು ಓಟವನ್ನೂ ನಿಲ್ಲಿಸಿದ್ದೆ. ಯಾವುದರ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳೋಕೆ ಆಗಲ್ಲ. ಆದರೆ ಅದಕ್ಕೂ ಮುಂಚೆ ಒಂದು ತಿಂಗಳು ಬರೀ ವಿಶ್ರಾಂತಿ ತಗೊಂಡಿದ್ದೆ, ಆಗ ಇಷ್ಟು ಕಡಿಮೆ ಆಗಿರಲಿಲ್ಲ. ಅದಕ್ಕೇ ಸೂಜಿಗೆ ಮೊದಲ ಜಾಗ ಕೊಡುತ್ತೇನೆ. ಈಗ ವಾರಕ್ಕೆ ಮೂರು ದಿನ, ಹುಲ್ಲಿನ ಮೇಲೆ ನಾಲ್ಕು ಕಿಲೋಮೀಟರ್ ಓಡುತ್ತೇನೆ. ತಿಂಗಳಿಗೊಮ್ಮೆ ಸೂಜಿ. ಎಣ್ಣೆ ಸೀಸೆ ಹಾಸಿಗೆ ಪಕ್ಕದಲ್ಲೇ ಇದೆ.