ಏಂಜೆಲ್ ಆ್ಯಲಿಯ ಪುಸ್ತಕದಂಗಡಿ

ಲಂಡನ್ನಿನ ಆಲ್ಡ್‌ಗೇಟ್ ಈಸ್ಟ್ ನಿಲ್ದಾಣದಿಂದ ಕೂಗಳತೆ ದೂರದ ಇಕ್ಕಟ್ಟಾದ ಗಲ್ಲಿಯಲ್ಲಿದೆ ಫ್ರೀಡಮ್ ಪುಸ್ತಕದಂಗಡಿ. 2013ರಲ್ಲಿ ಕಿಡಿಗೇಡಿಗಳು ಬೆಂಕಿ ಹಚ್ಚಿದರೂ ಮತ್ತೆ ಎದ್ದು ನಿಂತಿತು.

ನಾನು ಹೋದದ್ದು, ಸರ್ಕಾರದ ಅಧಿಕಾರವೇ ಬೇಡ ಎನ್ನುವ ಅರಾಜಕತಾವಾದಿ ರುಡಾಲ್ಫ್ ರಾಕರ್ ಅವರ ನೆನಪುಗಳ ಪುಸ್ತಕ ಹುಡುಕಿಕೊಂಡು. ಜರ್ಮನಿಯ ಮೈಂಜ್ ಊರಿನ ಅನಾಥ ಹುಡುಗ, ಕಲಿತದ್ದು ಪುಸ್ತಕ ಬೈಂಡಿಂಗ್. ಯಹೂದಿಯಲ್ಲದಿದ್ದರೂ ಪೂರ್ವ ಯುರೋಪಿನ ಯಹೂದಿಗಳ ಆಡುಭಾಷೆ ಯಿಡ್ಡಿಷ್ ಕಲಿತು, ಇದೇ ಬೀದಿಗಳ ಯಹೂದಿ ಹೊಲಿಗೆ ಕಾರ್ಮಿಕರಿಗಾಗಿ ಪತ್ರಿಕೆ ನಡೆಸಿದರು. 1912ರಲ್ಲಿ ಮುಷ್ಕರ ಗೆದ್ದ ದರ್ಜಿಗಳು, ಇನ್ನೂ ಹೋರಾಡುತ್ತಿದ್ದ ಬಂದರು ಕಾರ್ಮಿಕರ ಹಸಿದ ಮಕ್ಕಳನ್ನು ತಮ್ಮ ಮನೆಗಳಲ್ಲಿಟ್ಟುಕೊಂಡು ಸಾಕಿದರು. ಆ ಪುಟ ಓದುವಾಗ ಗಂಟಲು ಕಟ್ಟಿತು. ನನ್ನ ಅಪ್ಪನೂ ದರ್ಜಿ.

ಅರ್ಧ ಗಂಟೆ ನಿಂತೇ ಓದಿದರೂ ಅಂಗಡಿಯವರು ಅವಸರಪಡಿಸಲಿಲ್ಲ. ಜಾಗ ಚಿಕ್ಕದು, ದೊಡ್ಡ ಚೀಲ ಒಯ್ಯಬೇಡಿ. ತೆರೆಯುವ ವೇಳೆ ವಿಚಾರಿಸಿಕೊಂಡು ಹೋಗಿ.