ತೋಟದ ಗಡಿ ನಕ್ಷೆ ಮಾಡಿಕೊಡುವ ಸೇವೆ: ನಾಪೋಕ್ಲು ಬಳಿಯ ಬೆಳೆಗಾರನೊಬ್ಬನ ಅನುಭವ

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮಕ್ಕೆ ಬೇಕಾದ ದಾಖಲೆಗಾಗಿ, ಕೊಡಗಿನ ನಾಪೋಕ್ಲು ಸಮೀಪದ ನಮ್ಮ 12 ಎಕರೆ ರೊಬಸ್ಟಾ ಕಾಫಿ ತೋಟದ ಗಡಿಯನ್ನು ಉಪಗ್ರಹ ನಕ್ಷೆಯಲ್ಲಿ ಗುರುತು ಮಾಡಿಸಿಕೊಂಡೆ. ಈ ಕೆಲಸ ಮಾಡಿಕೊಟ್ಟದ್ದು ನಮ್ಮ ಜಿಲ್ಲೆಯದೇ ಒಂದು ಸಣ್ಣ ಖಾಸಗಿ ಸೇವಾ ಕಚೇರಿ. ಎಕರೆಗೆ 200 ರೂಪಾಯಿ ಪಡೆದರು. ಇಂಥ ಕಚೇರಿಯ ಮೆಟ್ಟಿಲು ಹತ್ತಲಿರುವ ಇತರ ಬೆಳೆಗಾರರಿಗೆ ಉಪಯೋಗವಾಗಲೆಂದು ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2023ರ ಜೂನ್ 29ರಂದು ಜಾರಿಗೆ ಬಂದ ಈ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಆ ದೇಶಗಳಲ್ಲಿ ಮಾರುವಂತಿಲ್ಲ. ಅದರ ಪಾಲನೆ ಕಡ್ಡಾಯವಾಗುವ ದಿನ ಎರಡು ಬಾರಿ ಮುಂದೆ ಹೋಗಿ, ದೊಡ್ಡ ವ್ಯಾಪಾರಿಗಳಿಗೆ ಈಗ 2026ರ ಡಿಸೆಂಬರ್ 30ಕ್ಕೆ ನಿಂತಿದೆ. ಹೊಣೆ ಕಾನೂನಿನಲ್ಲಿ ಆಮದುದಾರನದಾದರೂ, ಅವನು ರಫ್ತುದಾರನನ್ನು, ರಫ್ತುದಾರ ಕಾಫಿ ಬೀಜವನ್ನು ಸಂಸ್ಕರಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನವರನ್ನು, ಅವರು ನಮ್ಮನ್ನು ಕೇಳುತ್ತಾರೆ. 4 ಹೆಕ್ಟೇರ್‌ವರೆಗಿನ (ಸುಮಾರು 10 ಎಕರೆ) ತಾಕಿಗೆ ನಕ್ಷೆಯಲ್ಲಿ ಒಂದೇ ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೆಲ್ಲ ಕೊಡಬೇಕು. ನಮ್ಮದು ಸ್ವಲ್ಪದರಲ್ಲಿ ಆ ಮಿತಿಯನ್ನು ದಾಟುತ್ತದೆ.

ಮೊದಲ ನಕ್ಷೆಯನ್ನು ಅವರು ತೋಟಕ್ಕೆ ಬಾರದೆ, ಕಚೇರಿಯಲ್ಲೇ ಉಪಗ್ರಹದ ಚಿತ್ರ ನೋಡಿ ಗೆರೆ ಎಳೆದು ಕೊಟ್ಟಿದ್ದರು. ಅದನ್ನು ಕಂಡು ನಾನು ನಿಜಕ್ಕೂ ಗಾಬರಿಗೊಂಡೆ. ನಮ್ಮ ತೋಟದ ಪಡುವಣ ಅಂಚಿಗೆ ಊರಿನ ದೇವರಕಾಡು ಇದೆ, ಮತ್ತು ಅದರ ಸುಮಾರು ಎರಡು ಎಕರೆ ನನ್ನ ಗಡಿಯೊಳಗೆ ಸೇರಿಹೋಗಿತ್ತು. ಮೇಲಿನಿಂದ ನೋಡಿದರೆ ನೆರಳಿನ ಕಾಫಿ ತೋಟಕ್ಕೂ ಕಾಡಿಗೂ ವ್ಯತ್ಯಾಸ ಕಾಣುವುದಿಲ್ಲ, ಎರಡೂ ಒಂದೇ ಹಸಿರು. ಆ ಕಡತ ಹಾಗೆಯೇ ಹೋಗಿದ್ದರೆ, ನಮ್ಮ ಹಿರಿಯರು ಕೊಡಲಿ ಮುಟ್ಟಿಸದೆ ಕಾಯ್ದುಕೊಂಡು ಬಂದ ಕಾಡು ನನ್ನ ಕಾಫಿ ಬೆಳೆಯುವ ನೆಲವೆಂದು ದಾಖಲಾಗುತ್ತಿತ್ತು. ಸಾವಿರಕ್ಕೂ ಹೆಚ್ಚು ದೇವರಕಾಡುಗಳಿರುವ ಕೊಡಗಿನಲ್ಲಿ ಇಂಥ ತಪ್ಪು ನನ್ನೊಬ್ಬನ ತೋಟಕ್ಕೆ ಸೀಮಿತವಾಗಿರಲಾರದು.

ತಪ್ಪನ್ನು ತೋರಿಸಿದಾಗ ಅವರು ವಾದಿಸಲಿಲ್ಲ ಎಂಬುದನ್ನು ಮೆಚ್ಚಿ ಹೇಳಬೇಕು. ಮೂರು ವಾರ ಕಾಯಬೇಕಾಯಿತಾದರೂ, ಬಂದ ಯುವಕ ಒಂದಿಡೀ ಬೆಳಗ್ಗೆ ನನ್ನೊಂದಿಗೆ ಬೇಲಿಯ ಉದ್ದಕ್ಕೂ ನಡೆದ. ನಿಯಮ ಕೇಳುವುದು ದಶಮಾಂಶದ ಆರು ಅಂಕಿಗಳವರೆಗಿನ ಅಕ್ಷಾಂಶ, ರೇಖಾಂಶ. ಎಂದರೆ ನೆಲದ ಮೇಲೆ ಒಂದು ಗೇಣಿಗಿಂತಲೂ ಕಡಿಮೆ ಅಂತರ. ಆದರೆ ದಟ್ಟ ಮರಗಳಡಿಯಲ್ಲಿ ಮೊಬೈಲ್ ತೋರಿಸುವ ಸ್ಥಾನ ಹಲವು ಮೀಟರ್ ಅತ್ತಿತ್ತ ಸರಿಯುತ್ತದೆ. ಅವನು ಪ್ರತಿ ಮೂಲೆಯಲ್ಲೂ ನಿಂತು, ಅಂಕಿ ನೆಲೆಗೊಳ್ಳುವವರೆಗೆ ಕಾದು ಗುರುತು ಹಾಕಿಕೊಂಡ. ಎರಡನೆಯ ನಕ್ಷೆಯಲ್ಲಿ ದೇವರಕಾಡು ಪೂರ್ತಿಯಾಗಿ ಹೊರಗಿದೆ.

ಪಹಣಿಯ ವಿಷಯದಲ್ಲಿಯೂ ತೊಡಕಾಯಿತು. ನಮ್ಮದು ಜಮ್ಮಾ ಭೂಮಿ, ಎಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಹಿಡುವಳಿ. ದಾಖಲೆ ಒಕ್ಕದ (ಒಂದೇ ಮನೆತನದ ಕುಟುಂಬಗಳ ಗುಂಪು) ಪರವಾಗಿ ಅದರ ಪಟ್ಟೆದಾರರ, ಎಂದರೆ ಮುಖ್ಯಸ್ಥರ, ಹೆಸರಿನಲ್ಲಿದೆ, ಸಾಗುವಳಿ ನನ್ನದು. ಕಚೇರಿಯ ಅರ್ಜಿ ನಮೂನೆಯಲ್ಲಿ ಒಬ್ಬ ಮಾಲೀಕನ ಹೆಸರಿಗೆ ಮಾತ್ರ ಜಾಗವಿತ್ತು. ಒಕ್ಕದವರೆಲ್ಲ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ.

ಇಷ್ಟಾದರೂ ಈ ಸೇವೆಯಲ್ಲಿ, ಮತ್ತು ಅದರ ಹಿಂದಿರುವ ನೀತಿಯಲ್ಲಿ, ನನಗೆ ಬಹಳ ಮುಖ್ಯವೆನಿಸುವ ಒಂದು ಕೊರತೆಯಿದೆ. ನಕ್ಷೆ ಗಡಿಯನ್ನು ಅಳೆಯುತ್ತದೆ. ಗಡಿಯೊಳಗೆ ನಿಂತಿರುವ ಮರಗಳನ್ನು ಕೇಳುವುದೇ ಇಲ್ಲ. ಕಾಫಿಯ ಜೊತೆಗೆ ಮರ ಬೆಳೆಸುವ ನೆಲವನ್ನು ನಿಯಮವು ಕೃಷಿ ಭೂಮಿಯೆಂದೇ ಎಣಿಸುತ್ತದೆ, ಅದು ಸರಿ. ಆದರೆ ಬೀಟೆ, ಹಲಸು, ನಂದಿ, ಅತ್ತಿ, ನೇರಳೆಗಳನ್ನು ಉಳಿಸಿಕೊಂಡ ತೋಟಕ್ಕೂ ಅವನ್ನೆಲ್ಲ ತೆಗೆದು ಬರೀ ಸಿಲ್ವರ್ ಓಕ್ ನೆಟ್ಟ ತೋಟಕ್ಕೂ ಅದರ ಮುಂದೆ ಒಂದೇ ಬೆಲೆ. ನಮ್ಮ ರಾಜ್ಯದ ಕಾನೂನಿನಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ, ಊರಿನ ಕಾಡುಮರಕ್ಕೆ ಬೇಕು. ಹೀಗಾಗಿ ಆಸ್ಟ್ರೇಲಿಯಾದಿಂದ ಬಂದ, ಬೇಗ ಬೆಳೆದು ಹಣವಾಗುವ, ಮೆಣಸಿನ ಬಳ್ಳಿಗೂ ಆಸರೆಯಾಗುವ ಆ ಮರದತ್ತ ಬೆಳೆಗಾರ ವಾಲಿದ್ದು ಸಹಜವೇ. ಕಾಡುಮರ ಉಳಿಸಿಕೊಂಡವನಿಗೆ ಕಿಲೋ ಕಾಫಿಗೆ ಒಂದು ರೂಪಾಯಿಯಾದರೂ ಹೆಚ್ಚು ಸಿಗುವ ವ್ಯವಸ್ಥೆ ಬರದೆ ಈ ಒಲವು ತಿರುಗುವುದಿಲ್ಲ, ಮತ್ತು ಅದಕ್ಕೆ ಮೊದಲ ಹೆಜ್ಜೆ ಮರಗಳ ಲೆಕ್ಕ.

ಗಡಿ ನಡೆಯುವ ದಿನವೇ ಆ ಲೆಕ್ಕವನ್ನೂ ಮಾಡಿಬಿಡಬಹುದು, ಹೇಗೂ ಒಬ್ಬರು ತೋಟ ಸುತ್ತುತ್ತಿರುತ್ತಾರೆ. ಹಾಗೆಂದೇ ನಾನು ಕಳೆದ ಮರಗಸಿಯ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ವೇಳೆ ಎಣಿಸಿಟ್ಟಿದ್ದ 212 ಕಾಡುಮರಗಳ ಪಟ್ಟಿಯನ್ನು, ಜಾತಿವಾರು ಬರೆದು, ಕಚೇರಿಗೆ ಕೊಟ್ಟೆ. ಅವರು ಗೌರವದಿಂದಲೇ ಪಡೆದು ನನ್ನ ಪ್ರತಿಗೆ ಲಗತ್ತಿಸಿದರು. ರಫ್ತುದಾರರಿಗೆ ಹೋದ ಕಡತದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ನಿಮ್ಮ ಗಡಿ ನಕ್ಷೆಗಾಗಿ ಇಂಥ ಸೇವೆಯನ್ನು ಧಾರಾಳವಾಗಿ ಬಳಸಿ, ಆದರೆ ಅವರು ತೋಟಕ್ಕೆ ಬಂದು ನಡೆದ ಮೇಲೆಯೇ ಹಣ ಕೊಡಿ. ಮರಗಳ ಪಟ್ಟಿಯನ್ನೂ ಜೊತೆಗೆ ಕೊಟ್ಟು, ಅದನ್ನು ಸೇರಿಸಬೇಕೆಂದು ಪಟ್ಟು ಹಿಡಿಯಿರಿ.