ಚಾಕು ಸಾಣೆ ಕಲಿಸ್ತೀವಿ ಅಂತ ದುಡ್ಡು ತಗೊಳ್ಳೋರ ಬಗ್ಗೆ ಹುಷಾರಾಗಿರಿ

ದಯವಿಟ್ಟು ಇದನ್ನ ಪೂರ್ತಿ ಓದಿ, ಆಮೇಲೆ ಬೇಕಾದ್ರೆ ದುಡ್ಡು ಕಟ್ಟಿ. ಬೆಂಗಳೂರಲ್ಲಿ ಭಾನುವಾರ ಕ್ಲಾಸ್ ನಡೆಸೋ ಒಬ್ಬ ಇದ್ದಾನೆ. "ಸಾಣೆಕಲ್ಲಲ್ಲಿ ಚಾಕು ಹರಿತ ಮಾಡೋದು ಕಲೀರಿ, ನಿಮ್ಮ ಮನೆ ಚಾಕುನೇ ತನ್ನಿ" ಅಂತ ಜಾಹೀರಾತು. ಫೋಟೋದಲ್ಲಿ ನೀರಲ್ಲಿ ನೆನೆಸಿಟ್ಟ 1000 ಗ್ರಿಟ್ ಕಲ್ಲು, ಪಕ್ಕದಲ್ಲಿ 6000ದ್ದು (ಗ್ರಿಟ್ ಅಂಕಿ ಹೆಚ್ಚಾದಷ್ಟೂ ಕಲ್ಲು ನುಣುಪು). ಫೀಸು 2,500. ಆ ಕಲ್ಲು ನೋಡೇ ನಾನು ದುಡ್ಡು ಹಾಕಿದ್ದು.

ಹೋಗಿ ನೋಡಿದ್ರೆ ಕಲ್ಲು ಮೇಜಿನ ಮೇಲೆ ಒಣಗಿ ಕೂತಿತ್ತು. ಒಂದು ಬಟ್ಟಲು ನೀರೂ ಇಲ್ಲ. "ಕಲ್ಲೆಲ್ಲಾ ಲೇಟ್ ಆಗುತ್ತೆ ಸರ್, ಮೊದಲು ಮೆಷಿನ್‌ನಲ್ಲಿ ಶೇಪ್ ತೆಗೀಬೇಕು" ಅಂತ ಗ್ರೈಂಡರ್ ಆನ್ ಮಾಡಿದ. ನಮ್ಮ ಕೈಗೆ ಏನೂ ಕೊಡಲಿಲ್ಲ. ನನ್ನ ಕಾರ್ಬನ್ ಸ್ಟೀಲ್ ಚಾಕು ಕಿತ್ಕೊಂಡು ಚಕ್ರಕ್ಕೆ ಒತ್ತಿ ಹಿಡಿದ. ಕಿಡಿ ಹಾರ್ತಾ ಇದೆ, ತುದಿ ನನ್ನ ಕಣ್ಣೆದುರೇ ತಿಳಿ ಹಳದಿ ಆಯ್ತು, ಕಂದು ಆಯ್ತು, ನೀಲಿಗೆ ತಿರುಗ್ತು.

"ಸರ್, ನೀಲಿ ಬರ್ತಿದೆ, ಹದ ಹೋಗಲ್ವಾ?" ಅಂದೆ. ಹದ ಅಂದ್ರೆ ಕಾಯಿಸಿ ಉಕ್ಕಿಗೆ ತಂದಿರೋ ಗಟ್ಟಿತನ. "ಇವರು ಯೂಟ್ಯೂಬ್ ನೋಡ್ಕೊಂಡು ಬಂದಿದ್ದಾರೆ" ಅಂತ ಬೇರೆಯವರ ಕಡೆ ತಿರುಗಿ ನಕ್ಕ. ಎಲ್ಲರೂ ನಕ್ಕರು. ಮುಖ ಎಲ್ಲಿಟ್ಕೊಳ್ಳಲಿ ಅನ್ನಿಸ್ತು. ಆಮೇಲೆ ಒಂದು ಹಾಳೆ ಎತ್ತಿ ಹಿಡಿದು ಅದೇ ಚಾಕಲ್ಲಿ ಸರ್ರಂತ ಸೀಳಿ ತೋರಿಸಿದ. ಚಪ್ಪಾಳೆ!

ಎಲ್ಲರೂ ಬೀಳೋದು ಆ ಹಾಳೆಗೇ. ಒಂದು ಬದಿ ಉಜ್ಜಿದಾಗ ಇನ್ನೊಂದು ಬದಿಯ ಅಂಚಲ್ಲಿ ತೆಳ್ಳಗೆ ಒಂದು ತರಿ ಏಳುತ್ತೆ. ಅಲಗಿನ ಬೆನ್ನಿಂದ ಬಾಯಿ ಕಡೆಗೆ ಬೆರಳು ಸವರಿದ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ಹಾಳೆ ಕತ್ತರಿಸೋದು ಆ ತರಿ. ಮಣೆ ಮೇಲೆ ಈರುಳ್ಳಿ ಹೆಚ್ಚೋಕೆ ಶುರು ಮಾಡಿದ್ರೆ ಮಡಚಿಕೊಂಡು ಬಿಡುತ್ತೆ. 15 ಡಿಗ್ರಿಯೋ 20 ಡಿಗ್ರಿಯೋ, ಹಿಡಿದ ಓರೆ ಬಿಡದೆ ಎರಡೂ ಬದಿ ಉಜ್ಜಿ, ಕೊನೆಗೆ ಕೈ ಹಗುರ ಮಾಡ್ತಾ ಆ ತರಿ ತೆಗೀಬೇಕು. ಕಲಿಯೋದು ಅದನ್ನೇ ಅಲ್ವಾ? 2,500 ತಗೊಂಡು ಅದನ್ನೇ ಕಲಿಸಲಿಲ್ಲ!

ಮನೇಲಿ ಟೊಮೇಟೊ ಮೇಲಿಟ್ಟರೆ ಕೊಯ್ಯೋದು ಬಿಟ್ಟು ಅಮುಕ್ತು, ರಸ ಎಲ್ಲಾ ಮಣೆ ಮೇಲೆ. ಇಂಥ ಚಾಕುಗೆ ಕಾರ್ಖಾನೇಲಿ ಹದ ಕೊಡೋದು ಸುಮಾರು 200 ಡಿಗ್ರಿ ಆಸುಪಾಸಲ್ಲಿ. ನೀಲಿ ಬರಬೇಕಾದ್ರೆ 300ರ ಹತ್ತಿರ ಕಾದಿರಬೇಕು. ಅಲ್ಲಿ ಉಕ್ಕು ಮೆತ್ತಗಾಗಿದೆ, ನಾನೇ ಕಲ್ಲಿಗೆ ಉಜ್ಜಿದ್ರೂ ಹರಿತ ನಿಲ್ತಿಲ್ಲ. ಸುಟ್ಟ ಭಾಗ ಪೂರ್ತಿ ಸವೆಸಿ ತೆಗೀಬೇಕಷ್ಟೇ.

ಫೋಟೋ ಕಳಿಸಿದೆ. "ಅದು ಪಾಲಿಶ್ ಸರ್" ಅಂತ ಉತ್ತರ. ಹರಿತ ನಿಲ್ತಿಲ್ಲ ಅಂದೆ. "ಚಾಕು ಕ್ವಾಲಿಟಿ ಇಲ್ಲ ಸರ್, ನಾವೇನು ಮಾಡೋಣ." ಜಾಹೀರಾತಲ್ಲಿ ಕಲ್ಲು ಅಂತ ಇತ್ತಲ್ಲ ಅಂದೆ. "ಕಲ್ಲು ಅಡ್ವಾನ್ಸ್ ಕ್ಲಾಸಲ್ಲಿ ಸರ್, 4,000. ನಿಮಗೆ ಡಿಸ್ಕೌಂಟ್ ಮಾಡ್ತೀನಿ." ಚಾಕು ಸುಟ್ಟು ಹಾಕಿ ನನಗೇ ಡಿಸ್ಕೌಂಟ್! ಮೈಯೆಲ್ಲಾ ಉರಿದು ಹೋಯ್ತು. ದುಡ್ಡು ವಾಪಸ್ ಕೇಳಿದೆ, ಬ್ಲಾಕ್ ಮಾಡಿದ.

ನಮ್ಮ ಬೀದಿಗೆ ಬರೋ ಸಾಣೆಯವರು ಕೂಡ ಅಲಗು ಕಾಯಬಾರದು ಅಂತ ಅದನ್ನ ಆಗಾಗ ನೀರಿಗೆ ಅದ್ದುತ್ತಾರೆ ಸ್ವಾಮಿ!

ಕಟ್ಟೋ ಮೊದಲು ಕೇಳಿ: ಕಲ್ಲು ನಮ್ಮ ಕೈಗೆ ಕೊಡ್ತೀರಾ, ಎಷ್ಟು ಹೊತ್ತು? ಬರವಣಿಗೇಲಿ ಉತ್ತರ ತಗೊಳ್ಳಿ. ಗ್ರೈಂಡರ್ ಕಂಡ್ರೆ ಚಾಕು ಚೀಲದಿಂದ ಆಚೆ ತೆಗೀಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ನಿಮಗೂ ಹೀಗೇ ಆಗಿದ್ರೆ ದುಡ್ಡು ಕಟ್ಟಿದ ಸ್ಕ್ರೀನ್‌ಶಾಟ್ ಅಳಿಸಬೇಡಿ, ನೀವೂ ಕೊಡಿ.